ತೋಡಿನ ಸಂಕದ ಹಲಗೆಗಳನ್ನು ಮಳೆಯಿಂದ ಕಾಪಾಡುವ ಬಗೆ

ನಮ್ಮ ಕಾಸರಗೋಡು ಸೀಮೆಯ ತೋಟಗಳಲ್ಲಿ ತೋಡಿಗೆ ಹಾಕಿದ ಮರದ ಸಂಕವಿಲ್ಲದೆ ಮಳೆಗಾಲ ಕಳೆಯುವಂತಿಲ್ಲ. ಮಕ್ಕಳು ಶಾಲೆಗೆ ಹೋಗುವುದೂ ಅದರ ಮೇಲೆ, ಸೊಪ್ಪಿನ ಹೊರೆ ಹಟ್ಟಿಗೆ ಬರುವುದೂ ಅದರ ಮೇಲೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನೆಲದಲ್ಲಿ ಸಂಕದ ಹಲಗೆಗಳು ಮೇಲೆ ಗಟ್ಟಿಯಾಗಿ ಕಾಣುತ್ತಲೇ ಒಳಗಿನಿಂದ ಕುಂಬಾಗುತ್ತವೆ. ಆಟಿಯ ಜಡಿಮಳೆಯಲ್ಲಿ ಅಂಥ ಹಲಗೆ ಮುರಿದರೆ ಕೆಳಗಿರುವುದು ಸೆಳೆತದ ಕೆನ್ನೀರು. ಆದುದರಿಂದ ಹಲಗೆಗೆ ಎಣ್ಣೆ ಹಚ್ಚುವ ಕೆಲಸವನ್ನು ಈ ವಾರ ಸ್ವಲ್ಪ ವಿವರವಾಗಿಯೇ ನೋಡೋಣ.

ಮರವನ್ನು ತಿನ್ನುವುದು ನೀರಲ್ಲ, ನೀರಿನ ಆಸರೆಯಲ್ಲಿ ಬೆಳೆಯುವ ಅಣಬೆಯ ಜಾತಿ. ಒಣಮರದ ತೂಕದಲ್ಲಿ ನೂರಕ್ಕೆ 20 ಪಾಲಿಗಿಂತ ಕಡಮೆ ನೀರಿದ್ದರೆ ಅದು ಬೆಳೆಯಲಾರದು. ಅದಕ್ಕೆ ಗಾಳಿಯೂ ಬೇಕು. ಸದಾ ನೀರಿನಲ್ಲಿ ಮುಳುಗಿರುವ ಕಂಬದ ಬುಡ ಉಳಿದು, ನೀರಿನ ಅಂಚಿನಲ್ಲಿ ಕಂಬ ಸವೆದು ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ, ಕಾರಣ ಇದೇ. ಹೀಗಿರಲು ನೀರು ಒಳಗೆ ಹೋಗದಂತೆ ತಡೆಯುವುದು ಎಷ್ಟು ಮುಖ್ಯವೋ, ಹೋದ ನೀರು ಬೇಗನೆ ಆರುವಂತೆ ಮಾಡುವುದೂ ಅಷ್ಟೇ ಮುಖ್ಯ. ದಪ್ಪ ಬಣ್ಣ ಬಳಿದು ನಿಶ್ಚಿಂತರಾಗುವವರು ಈ ಎರಡನೆಯದನ್ನು ಮರೆಯುತ್ತಾರೆ. ಬಿಸಿಲಿಗೆ ಬಣ್ಣದ ಪೊರೆ ಬಿರಿಯುತ್ತದೆ, ಆ ಬಿರುಕಿನಲ್ಲಿ ಇಳಿದ ನೀರು ಹೊರಬರಲಾರದೆ ಪೊರೆಯ ಅಡಿಯಲ್ಲಿಯೇ ನಿಲ್ಲುತ್ತದೆ.

ಕುಂಭ–ಮೀನ ತಿಂಗಳ ಬಿಸಿಲಿನಲ್ಲಿ ಹಲಗೆಗಳಿಗೆ ಸುಣ್ಣದ ಕಡ್ಡಿಯಲ್ಲಿ ಅಂಕೆ ಬರೆದು, ಕಳಚಿ, ಅಂಗಳಕ್ಕೆ ತರಬೇಕು. ಸಂಕದ ಮೇಲೆಯೇ ಎಣ್ಣೆ ಹಚ್ಚಿದರೆ ತೊಟ್ಟಿಕ್ಕುವುದೆಲ್ಲ ತೋಡಿಗೆ. ಆ ನೀರೇ ಕೆಳಗಿನ ಮನೆಯವರ ಕೆರೆಗೆ ಹೋಗುವುದು. ಹಾವಸೆಯನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದು, ಹಲಗೆಯ ಅಡಿಭಾಗಕ್ಕೂ ಮೊಳೆ ಇದ್ದ ಜಾಗಕ್ಕೂ ಚೂರಿಯ ಮೊನೆ ಒತ್ತಿ ನೋಡಬೇಕು. ಮೊನೆ ಸಲೀಸಾಗಿ ಇಳಿದರೆ ಆ ಹಲಗೆ ಒಲೆಗೆ. ಯಾವ ಎಣ್ಣೆಯೂ ಕುಂಬಾದ ಮರಕ್ಕೆ ಜೀವ ಕೊಡದು. ಹೊಸ ಹಲಗೆ ಬೇಕಾದಲ್ಲಿ ಕಿರಾಲುಬೋಗಿ, ಹೆಬ್ಬಲಸುಗಳ ಚೇಗು ಒಳ್ಳೆಯದು. ಯಾವ ಮರವಾದರೂ ಚೇಗಿನ ಸುತ್ತಲಿನ ಬಿಳಿ ಭಾಗ ಬಾಳದು. ಮಾವಿನ ಹಲಗೆಯಂತೂ ಇಲ್ಲಿಗೆ ಬೇಡವೇ ಬೇಡ.

ಉಳಿದವು ಚೆನ್ನಾಗಿ ಒಣಗಿದುವೋ ಎಂದು ತಿಳಿಯಲು ನಾಲ್ಕು ಹನಿ ನೀರು ಚಿಮುಕಿಸಿ. ಕೆಲವು ನಿಮಿಷಗಳಲ್ಲಿ ಹೀರಿಕೊಂಡರೆ ಎಣ್ಣೆಯನ್ನೂ ಹೀರುವುದೆಂದು ಅರ್ಥ. ಹನಿ ಹಾಗೆಯೇ ನಿಂತರೆ ಹಳೆಯ ಎಣ್ಣೆ ಇನ್ನೂ ಇದೆ, ಇಲ್ಲವೆ ಮರ ಇನ್ನೂ ಆರಿಲ್ಲ.

ಹಚ್ಚಬೇಕಾದುದು ಪೈಂಟಿನ ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸೆ ಎಣ್ಣೆ. (ಮನೆಯಲ್ಲಿ ಕುದಿಸಲು ಹೋಗಬಾರದು, ಬೇಗ ಒಣಗಲು ಅದಕ್ಕೆ ಬೇರೆ ಮದ್ದು ಸೇರಿಸಿರುತ್ತಾರೆ.) ಮೊದಲ ಸಲ ಸಮಪಾಲು ಟರ್ಪೆಂಟೈನು ಬೆರೆಸಿ ತೆಳ್ಳಗೆ ಮಾಡಿದರೆ ಆಳಕ್ಕೆ ಇಳಿಯುತ್ತದೆ. ಅರ್ಧ ಗಂಟೆಯ ಮೇಲೆ ಮರ ಕುಡಿಯದೆ ಬಿಟ್ಟುದನ್ನು ಬಟ್ಟೆಯಿಂದ ಒರಸಿ ತೆಗೆಯಬೇಕು, ಬಿಟ್ಟರೆ ಅಂಟಾಗುತ್ತದೆ. ಎರಡು ಮೂರು ದಿನ ಆರಿದ ಬಳಿಕ ಮತ್ತೊಮ್ಮೆ. ಮೇಲ್ಮೈಗಿಂತ ಹೆಚ್ಚಿನ ಗಮನ ಹಲಗೆಯ ಎರಡು ತುದಿಗಳ ಕಡೆಗಿರಲಿ. ಮರದ ನಾಳಗಳು ಉದ್ದಕ್ಕೆ ಇರುವುದರಿಂದ ಗರಗಸ ಹಾಯ್ದ ಮುಖವು ಬದಿಗಳಿಗಿಂತ ಎಷ್ಟೋ ಪಾಲು ಬೇಗ ನೀರು ಎಳೆಯುತ್ತದೆ. ಒಂದು ಡಬ್ಬಿಯಲ್ಲಿ ಎರಡಂಗುಲ ಎಣ್ಣೆ ಹಾಕಿ ಹಲಗೆಗಳನ್ನು ರಾತ್ರಿಯಿಡೀ ನಿಲ್ಲಿಸಿ, ಮರುದಿನ ತಲೆಕೆಳಗು ಮಾಡಿದರಾಯಿತು. ಇಷ್ಟು ಮಾಡಲು ಬಹಳ ಮಂದಿಗೆ ಬೇಸರ. ಆದರೆ ಕೊಳೆಯುವುದು ಮೊದಲು ಅಲ್ಲಿಂದಲೇ.

ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟಿ, ಬೆಂಕಿಯ ಕಿಡಿಯಿಲ್ಲದೆಯೇ ಆ ಮುದ್ದೆ ಹೊತ್ತಿಕೊಳ್ಳುವುದುಂಟು. ಬಯಲಿನಲ್ಲಿ ಹರವಿ ಒಣಗಿಸಿ, ಇಲ್ಲವೆ ನೀರಲ್ಲಿ ಮುಳುಗಿಸಿಡಿ.

ಮನೆಯಲ್ಲೇ ಇರುವ ತೆಂಗಿನೆಣ್ಣೆ ಆಗದೆ ಎಂದು ಕೇಳುವವರುಂಟು. ಅದು ಒಣಗಿ ಗಟ್ಟಿಯಾಗುವ ಜಾತಿಯ ಎಣ್ಣೆಯಲ್ಲ. ಗ್ಯಾರೇಜಿನ ಕರಿ ಎಣ್ಣೆಯೂ ಒಣಗದು. ಮೇಲಾಗಿ ಕಾಲು ಜಾರಿಸುತ್ತದೆ, ಮಳೆಗೆ ತೊಳೆದು ನೀರು ಕೆಡಿಸುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆ ಮಾತ್ರ ದೋಣಿಗಳಿಗೆ ಹಿಂದಿನಿಂದಲೂ ಬಳಸುತ್ತ ಬಂದದ್ದು, ಮರಕ್ಕೆ ಒಳ್ಳೆಯದು. ಆದರೆ ಚರ್ಮಕ್ಕೆ ತಾಗಿದರೆ ಹುಣ್ಣೇಳುವುದು ಗೇರು ಕೊಯ್ಯುವ ಯಾರಿಗೂ ಹೇಳಬೇಕಾಗಿಲ್ಲ. ಮಕ್ಕಳು ಬರಿಗಾಲಲ್ಲಿ ನಡೆಯುವ ಹಲಗೆಗೆ ಅದು ಸಲ್ಲದು. ಕೆಳಗಿನ ತೊಲೆಗಳಿಗೆ, ಕೈಚೀಲ ತೊಟ್ಟು ಹಚ್ಚಬಹುದು.

ತಿರುಗಿ ಜೋಡಿಸುವಾಗ ಹಲಗೆ ಹಲಗೆಯ ನಡುವೆ ಕಾಲಂಗುಲ ಸಂದು ಬಿಡಬೇಕು. ನೀರು ಇಳಿಯಲು, ಗಾಳಿಯಾಡಲು, ಮಳೆಗೆ ಹಲಗೆ ಉಬ್ಬಲು ಅಷ್ಟು ಜಾಗ ಬೇಕು. ಸಂದಿನಲ್ಲಿ ತುಂಬುವ ತರಗೆಲೆಯನ್ನು ಆಗಾಗ ಕಡ್ಡಿಯಿಂದ ಕೆದಕಿ ತೆಗೆಯುವುದು ಮಕ್ಕಳ ಕೆಲಸವಾಗಲಿ. ಬರಿ ಕಬ್ಬಿಣದ ಮೊಳೆಗೆ ಬದಲು ಸತುವಿನ ಲೇಪವಿರುವ ಬೋಲ್ಟು ಹಾಕಿದರೆ ಬರುವ ವರ್ಷ ಕಳಚುವುದೂ ಸುಲಭ. ಬರುವ ವರ್ಷ ಕಳಚಲೇಬೇಕು. ನಮ್ಮ ಮಳೆಗೆ ಅಗಸೆ ಎಣ್ಣೆ ಒಂದು ವರ್ಷಕ್ಕಿಂತ ಹೆಚ್ಚು ತಡೆಯುವುದೆಂದು ನಂಬಿ ಕೂರುವಂತಿಲ್ಲ.