ಹಳೆಯ ಮೋಟಾರು ಏಕೆ ಹೊರಡದು?

ಕೆಟ್ಟು ನಿಂತ ಮೋಟಾರು ಕಾರಿನ ಸುತ್ತ ನೆರೆದವರಲ್ಲಿ ವೈದ್ಯರಲ್ಲದವರು ಯಾರೂ ಇರುವುದಿಲ್ಲ. ಒಬ್ಬರು ಬ್ಯಾಟರಿ ಸತ್ತಿದೆ ಎನ್ನುತ್ತಾರೆ. ಇನ್ನೊಬ್ಬರು ಪ್ಲಗ್ಗು ಕೆಟ್ಟಿದೆ ಎನ್ನುತ್ತಾರೆ. ಮೂರನೆಯವರು ಪೆಟ್ರೋಲಿಗೆ ನೀರು ಸೇರಿದೆ ಎನ್ನುತ್ತಾರೆ. ಕಾರಿನ ಒಡೆಯನು ಎಲ್ಲರ ಮಾತನ್ನೂ ನಂಬಿ ಒಂದೊಂದೇ ಭಾಗವನ್ನು ಹೊಸದಾಗಿ ಹಾಕಿಸುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ನಿರಪರಾಧಿಯಾದ ಭಾಗಕ್ಕೆ ಶಿಕ್ಷೆಯಾಗುತ್ತದೆ. ರೋಗ ಹಾಗೆಯೇ ಉಳಿಯುತ್ತದೆ. ಹಳೆಯ ಕಾರನ್ನೇ ನಂಬಿ ಬಾಡಿಗೆಗೆ ಓಡಿಸುವವನಿಗೆ ಇದು ಅನ್ನದ ಪ್ರಶ್ನೆ. ಕಾರಣವನ್ನು ಊಹಿಸದೆ ಕ್ರಮವಾಗಿ ಹುಡುಕುವುದು ಹೇಗೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನಮಗೆಲ್ಲ ಪರಿಚಿತವಾದ ಅಂಬಾಸಿಡರ್ ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 1957ರಲ್ಲಿ ಆರಂಭವಾದ ಅದರ ತಯಾರಿಕೆ 2014ರಲ್ಲಿ ನಿಂತಿತು. ಅದರ 1489 ಸಿ.ಸಿ. ಪೆಟ್ರೋಲು ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳಿವೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ, ಕ್ಯಾಡಿಲಾಕ್ ಕಾರಿನಲ್ಲಿ ಬಳಕೆಗೆ ಬಂದ ಕಿಡಿಯ ಏರ್ಪಾಡೇ ಇದಕ್ಕೂ ಮೂಲ.

ಈ ಏರ್ಪಾಡು ಸರಳವಾದುದು. ಬ್ಯಾಟರಿಯ 12 ವೋಲ್ಟು ವಿದ್ಯುತ್ತು ಕಾಯಿಲಿನ ದಪ್ಪ ತಂತಿಯ ಸುತ್ತುಗಳಲ್ಲಿ ಹರಿದು, ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳ ಮೂಲಕ ಎಂಜಿನ್ನಿನ ಲೋಹವನ್ನು ಸೇರುತ್ತದೆ. ಪಾಯಿಂಟುಗಳು ತೆರೆದೊಡನೆ ಪ್ರವಾಹ ತಟ್ಟನೆ ಕಡಿಯುತ್ತದೆ. ಆ ಕ್ಷಣದಲ್ಲಿ ಕಾಯಿಲಿನ ಸಣ್ಣ ತಂತಿಯಲ್ಲಿ ಸಾವಿರಾರು ವೋಲ್ಟು ಹುಟ್ಟುತ್ತದೆ. ಪಾಯಿಂಟುಗಳಲ್ಲಿಯೇ ಕಿಡಿ ಹಾರಿ ಅವು ಸುಡದಂತೆ ಕಂಡೆನ್ಸರು ತಡೆಯುತ್ತದೆ. ರೋಟರು ಆ ಹೆಚ್ಚಿನ ವೋಲ್ಟನ್ನು ಸರದಿಯಂತೆ ಒಂದೊಂದು ಪ್ಲಗ್ಗಿಗೆ ಹಂಚುತ್ತದೆ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿಗಳು ಬೇಕು. ಪಾಯಿಂಟುಗಳ ಅಂತರ ಒಂದು ಅಂಗುಲದ ಸಾವಿರದ 15 ಭಾಗ, ಪ್ಲಗ್ಗಿನ ಅಂತರ ಸಾವಿರದ 25 ಭಾಗ ಇರಬೇಕು. ಇಷ್ಟು ಸೂಕ್ಷ್ಮವಾದ ಕೆಲಸದಲ್ಲಿ ಸವೆತ, ಕೊಳೆ ಮತ್ತು ತೇವಗಳೇ ಮುಖ್ಯ ಶತ್ರುಗಳು.

ಇನ್ನು ಪರೀಕ್ಷೆಯ ಕ್ರಮವನ್ನು ನೋಡೋಣ. ಮೊದಲನೆಯ ಪ್ರಶ್ನೆ: ಸ್ಟಾರ್ಟರು ಎಂಜಿನ್ನನ್ನು ಚುರುಕಾಗಿ ತಿರುಗಿಸುತ್ತದೆಯೇ? ಇಲ್ಲವಾದರೆ ಮುಂದಿನ ದೀಪಗಳನ್ನು ಹಾಕಿ ಸ್ಟಾರ್ಟರನ್ನು ಒತ್ತಬೇಕು. ದೀಪಗಳು ತೀರ ಮಂಕಾದರೆ ಬ್ಯಾಟರಿ ಬಡವಾಗಿದೆ, ಇಲ್ಲವೇ ಅದರ ಕೊನೆಗಳಲ್ಲಿ ಕಿಲುಬು ಕಟ್ಟಿದೆ ಎಂದು ತಿಳಿಯಬಹುದು. ಸ್ಟಾರ್ಟರು ನೂರಕ್ಕೂ ಹೆಚ್ಚು ಆಂಪಿಯರುಗಳನ್ನು ಎಳೆಯುವುದರಿಂದ, ಬಡ ಬ್ಯಾಟರಿ ಎಂಜಿನ್ನನ್ನು ನಿಧಾನವಾಗಿ ತಿರುಗಿಸಿದರೂ ಕಾಯಿಲಿಗೆ ಸಾಕಷ್ಟು ವಿದ್ಯುತ್ತನ್ನು ಉಳಿಸದೆ ಹೋಗಬಹುದು. ಆಗ ಕಿಡಿಯ ಕೊರತೆ ಕಂಡರೂ ದೋಷ ಕಿಡಿಯ ಏರ್ಪಾಡಿನದಲ್ಲ.

ಎಂಜಿನ್ನು ಚೆನ್ನಾಗಿ ತಿರುಗಿಯೂ ಹೊರಡದಿದ್ದರೆ ಎರಡನೆಯ ಪ್ರಶ್ನೆ: ಕಿಡಿ ಇದೆಯೇ? ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಕೈಬ್ರೇಕು ಎಳೆದು, ಒಂದು ಪ್ಲಗ್ಗನ್ನು ಬಿಚ್ಚಿ ಅದರ ತಂತಿಗೇ ಸೇರಿಸಿ, ಪ್ಲಗ್ಗಿನ ಮೈಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು ಸ್ಟಾರ್ಟರನ್ನು ಒತ್ತಿಸಬೇಕು. ತಂತಿಯನ್ನು ಬರಿಗೈಯಲ್ಲಿ ಹಿಡಿಯಕೂಡದು. ಪೆಟ್ರೋಲು ಚೆಲ್ಲಿದ್ದರೆ ಅದು ಪೂರ್ತಿ ಆರುವವರೆಗೆ ಈ ಪರೀಕ್ಷೆ ಮಾಡಕೂಡದು. ಪ್ಲಗ್ಗನ್ನು ಅದರ ತೂತಿನಿಂದ ದೂರವಿರಿಸಬೇಕು. ನೀಲಿ ಬಣ್ಣದ ಗಟ್ಟಿ ಕಿಡಿ ಕಂಡರೆ ಇಂಧನದ ಕಡೆಗೆ ತಿರುಗಬಹುದು.

ಕಿಡಿ ಕಾಣದಿದ್ದರೆ ದಾರಿಯನ್ನು ಅರ್ಧಕ್ಕೆ ಕತ್ತರಿಸಬೇಕು. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿನ ನಡುವಿಗೆ ಬರುವ ದಪ್ಪ ತಂತಿಯನ್ನು ತೆಗೆದು, ರಬ್ಬರು ಹಿಡಿಯ ಇಕ್ಕುಳದಿಂದ ಲೋಹಕ್ಕೆ ಕಾಲು ಅಂಗುಲ ದೂರದಲ್ಲಿ ಹಿಡಿದು ನೋಡಬೇಕು. ಅಲ್ಲಿ ಕಿಡಿ ಹಾರಿದರೆ ಕಾಯಿಲು, ಪಾಯಿಂಟು, ಕಂಡೆನ್ಸರುಗಳು ನಿರ್ದೋಷಿಗಳು. ದೋಷವಿರುವುದು ಮುಚ್ಚಳದ ಬಿರುಕಿನಲ್ಲಿ, ರೋಟರಿನಲ್ಲಿ ಅಥವಾ ತಂತಿಗಳಲ್ಲಿ. ಮಳೆಗಾಲದಲ್ಲಿ ಮುಚ್ಚಳದೊಳಗೆ ತೇವ ಸೇರುವುದು ಸಾಮಾನ್ಯ. ಒಣಬಟ್ಟೆಯಲ್ಲಿ ಒರೆಸಿದರೆ ಎಷ್ಟೋ ಸಲ ಅಷ್ಟೇ ಸಾಕು.

ಅಲ್ಲಿಯೂ ಕಿಡಿ ಇಲ್ಲದಿದ್ದರೆ, 12 ವೋಲ್ಟಿನ ಚಿಕ್ಕ ಬಲ್ಬಿನ ಒಂದು ತಂತಿಯನ್ನು ಡಿಸ್ಟ್ರಿಬ್ಯೂಟರಿಗೆ ಹೋಗುವ ಕಾಯಿಲಿನ ಕೊನೆಗೂ, ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಸೇರಿಸಿ ಎಂಜಿನ್ನನ್ನು ತಿರುಗಿಸಬೇಕು. ಬಲ್ಬು ಮಿನುಗಿದರೆ ಪಾಯಿಂಟುಗಳು ಕೆಲಸ ಮಾಡುತ್ತಿವೆ. ಅನುಮಾನ ಕಂಡೆನ್ಸರು, ಕಾಯಿಲುಗಳ ಮೇಲೆ. ಉರಿಯುತ್ತಲೇ ಇದ್ದರೆ ಪಾಯಿಂಟುಗಳು ಕೂಡುತ್ತಿಲ್ಲ, ಇಲ್ಲವೇ ಅವುಗಳ ಮೇಲೆ ಕೊಳೆಯಿದೆ. ಉರಿಯದೆ ಇದ್ದರೆ ಪಾಯಿಂಟುಗಳು ತೆರೆಯುತ್ತಿಲ್ಲ, ಅಥವಾ ಕಾಯಿಲಿಗೆ ವಿದ್ಯುತ್ತೇ ತಲುಪುತ್ತಿಲ್ಲ.

ಕಿಡಿ ಸರಿಯಿದ್ದಾಗ ಪ್ಲಗ್ಗೇ ಸಾಕ್ಷಿ ಹೇಳುತ್ತದೆ. ಬಹಳ ಹೊತ್ತು ತಿರುಗಿಸಿದ ಮೇಲೂ ಅದು ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ತೊಯ್ದಿದ್ದರೆ ಅತಿಯಾಗಿ ಬಂದಿದೆ. ಎರಡೂ ಅಲ್ಲದಿದ್ದರೆ ಪ್ಲಗ್ ತಂತಿಗಳ ಸರದಿ 1-3-4-2 ಎಂಬಂತೆ ಇದೆಯೇ ಎಂದು ನೋಡಬೇಕು.

ಎಲ್ಲಕ್ಕಿಂತ ತೊಡಕಿನದು, ಬಿಸಿಯಾದಾಗ ಮಾತ್ರ ನಿಂತು, ತಣ್ಣಗಾದ ಮೇಲೆ ತಾನಾಗಿಯೇ ಹೊರಡುವ ಕಾರು. ಕೊಳವೆಯಲ್ಲಿ ಪೆಟ್ರೋಲು ಆವಿಯಾದರೂ ಹೀಗಾಗುತ್ತದೆ. ಬಿಸಿಗೆ ಕಾಯಿಲು ಸೋತರೂ ಹೀಗೆಯೇ ಆಗುತ್ತದೆ. ಆದುದರಿಂದ ಕಾರು ನಿಂತ ಕೂಡಲೇ ಕಿಡಿಯನ್ನು ಪರೀಕ್ಷಿಸತಕ್ಕದ್ದು. ಅರ್ಧ ಗಂಟೆ ಕಾದರೆ ಕಾರೇನೋ ಹೊರಟೀತು, ಆದರೆ ಸಾಕ್ಷ್ಯ ಅಳಿಸಿಹೋಗಿರುತ್ತದೆ.

ತರ್ಕಶಾಸ್ತ್ರದ ತರಗತಿಯಲ್ಲಿ ನಾವು ಓದುವ ಅನ್ವಯ-ವ್ಯತಿರೇಕಗಳು ಇಲ್ಲಿ ಎಣ್ಣೆ ಮೆತ್ತಿದ ಕೈಗಳಿಗೂ ಬೇಕಾಗುತ್ತವೆ. ಪ್ಲಗ್ಗು, ಕಂಡೆನ್ಸರು, ಪಾಯಿಂಟುಗಳನ್ನು ಒಟ್ಟಿಗೆ ಬದಲಿಸಿದಾಗ ಕಾರು ಹೊರಟರೆ ಯಾವುದು ಕೆಟ್ಟಿತ್ತೆಂಬುದು ಎಂದಿಗೂ ತಿಳಿಯದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲವನ್ನು ನೋಡಿ, ಅನಂತರವೇ ಮುಂದಿನದಕ್ಕೆ ಕೈಹಾಕುವವನು ಹಣವನ್ನೂ ಉಳಿಸುತ್ತಾನೆ, ಕಾರಣವನ್ನೂ ಕಾಣುತ್ತಾನೆ.