ಮಂಚದಷ್ಟು ಜಾಗದಿಂದ ಶುರುಮಾಡಿ

ಮಕ್ಕಳೇ, ಈಚೆಗೆ ನಿಮ್ಮಲ್ಲಿ ಎಷ್ಟೋ ಮಂದಿ ಅಜ್ಜ-ಅಜ್ಜಿಯ ಕಾಲದ ಮನೆಗೆ ಮರಳುತ್ತಿದ್ದೀರಿ. ಗೋಡೆಗೆ ಬಣ್ಣ ಬೀಳುತ್ತದೆ, ಮನೆಗೆ ವೈಫೈ ಬರುತ್ತದೆ. ಹಿತ್ತಲ ಬಾಗಿಲು ತೆರೆದಾಗ ಮಾತ್ರ ಎದೆ ಧಸಕ್ಕೆನ್ನುತ್ತದೆ. ಆಳೆತ್ತರದ ಕಾಂಗ್ರೆಸ್ ಗಿಡ, ಬಾವಿಕಟ್ಟೆಯನ್ನೇ ಮುಚ್ಚಿದ ಲಂಟಾನ, ಒಡೆದ ಹೆಂಚಿನ ರಾಶಿ. ಕೈಯಲ್ಲಿ ದುಡ್ಡು ಕಡಿಮೆ, ಗುದ್ದಲಿ ಹಿಡಿದು ಅಭ್ಯಾಸವಿಲ್ಲ. ಆಗ ಕೆಲವರು ಸಾಲ ಮಾಡಿ ಜೆಸಿಬಿ ತರಿಸುತ್ತೀರಿ, ಕೆಲವರು ಬಾಗಿಲು ಹಾಕಿ ಸುಮ್ಮನಾಗುತ್ತೀರಿ. ಎರಡೂ ಬೇಡ. ಹಿತ್ತಲಿಗೆ ಬೇಕಾದದ್ದು ನಿಮ್ಮ ಹಣಕ್ಕಿಂತ ಹೆಚ್ಚಾಗಿ ದಿನಕ್ಕೆ ಅರ್ಧ ಗಂಟೆ.

ನಾನು ಬೆಳೆದ ಕಾಲದಲ್ಲಿ ಹಿತ್ತಲಿಗೆಂದು ಯಾರೂ ಅಂಗಡಿಗೆ ಹೋದವರಲ್ಲ. ಬಚ್ಚಲ ನೀರು ಬಾಳೆಗೆ, ಕೆಸುವಿಗೆ. ಅಕ್ಕಿ ತೊಳೆದ ನೀರು ಬಸಳೆಗೆ. ತೊಂಡೆ ಬಳ್ಳಿ ಒಬ್ಬರ ಮನೆಯಿಂದ ಬಂದರೆ ನುಗ್ಗೆ ಕೊಂಬೆ ಇನ್ನೊಬ್ಬರ ಮನೆಯಿಂದ. ಆಹಾರದ ಕೊರತೆಯಿದ್ದ 1965ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ದೆಹಲಿಯ ತಮ್ಮ ಮನೆಯ ಹುಲ್ಲುಹಾಸನ್ನೇ ಉತ್ತು ಬೆಳೆ ಬೆಳೆದರು. ಖಾಲಿ ನೆಲ ಬಿಡಬಾರದು ಎಂಬುದು ಆಗ ಎಲ್ಲರಿಗೂ ಗೊತ್ತಿದ್ದ ಮಾತು. ಆಮೇಲೆ ಸೊಪ್ಪು ಗಾಡಿಯಲ್ಲಿ ಬಾಗಿಲಿಗೇ ಬಂತು, ಬಚ್ಚಲ ನೀರು ಚರಂಡಿಗೆ ಹೋಯಿತು. ಹೀಗೆ ಒಂದೇ ತಲೆಮಾರಿನಲ್ಲಿ ಹಿತ್ತಲುಗಳು ಪಾಳು ಬಿದ್ದವು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಆದರೆ ಆತುರಪಟ್ಟು ಹಿತ್ತಲನ್ನು ಇನ್ನಷ್ಟು ಕೆಡಿಸಬೇಡಿ. ವರ್ಷಗಟ್ಟಲೆ ಉದುರಿದ ಎಲೆ ಕೊಳೆತು ಆದ ಕಪ್ಪು ಮಣ್ಣು ಮೇಲಿನ ಅರ್ಧ ಅಡಿಯಲ್ಲೇ ಇರುತ್ತದೆ. ಜೆಸಿಬಿ ಮೊದಲು ಕೆರೆಯುವುದು ಅದನ್ನೇ. ಕಳೆನಾಶಕದ ಬಾಟಲಿಯನ್ನೂ ತರಬೇಡಿ. ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಕೀಟ ನಿಯಂತ್ರಣ ನಿರ್ವಾಹಕರು ಬಿಟ್ಟು ಬೇರೆಯವರು ಬಳಸಬಾರದೆಂದು ಕೇಂದ್ರ ಸರ್ಕಾರವೇ 2022ರಲ್ಲಿ ಅಧಿಸೂಚನೆ ಹೊರಡಿಸಿತು. ಮಗು ಆಡುವ, ಸೊಪ್ಪು ಕೊಯ್ಯುವ ನೆಲಕ್ಕೆ ಅದೇಕೆ?

ಕಳೆಯ ವಿಷಯದಲ್ಲಿ ಹಿಂದಿನವರ ಉದಾಸೀನದಿಂದ ಪಾಠ ಕಲಿಯಿರಿ. ಕಾಂಗ್ರೆಸ್ ಗಿಡ ಈ ದೇಶದಲ್ಲಿ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ, ಪುಣೆಯ ಕಡೆ. ಹೊರದೇಶದ ಗೋಧಿಯ ಜೊತೆ ಬಂತೆನ್ನುತ್ತಾರೆ. ಚಿಕ್ಕದಿದ್ದಾಗ ಯಾರೂ ಕೀಳಲಿಲ್ಲ. ಒಂದೊಂದು ಗಿಡ ಸಾವಿರಾರು ಬೀಜ ಚೆಲ್ಲುತ್ತದೆ. ಅದನ್ನು ತಿನ್ನಲೆಂದು ಮೆಕ್ಸಿಕೊದಿಂದ ದುಂಬಿ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಬೇಕಾಯಿತು. ನೀವು ಆ ಗಿಡವನ್ನು ಹೂ ಬಿಡುವ ಮುಂಚೆಯೇ, ಮಳೆ ಬಿದ್ದು ನೆಲ ಮೆತ್ತಗಿರುವಾಗ ಬೇರುಸಹಿತ ಕೀಳಿ. ಕೈಗವಸು, ಮೂಗಿಗೆ ಬಟ್ಟೆ ಮರೆಯಬೇಡಿ, ಅದು ಚರ್ಮಕ್ಕೆ ತುರಿಕೆ, ಕೆಲವರಿಗೆ ಉಬ್ಬಸ ತರುತ್ತದೆ. ಜೇಕಿನ ಹುಲ್ಲನ್ನು ಮೇಲೆ ಮೇಲೆ ಸವರಿದರೆ ಪ್ರಯೋಜನವಿಲ್ಲ, ಗಡ್ಡೆ ಅಗೆದು ತೆಗೆಯಬೇಕು.

ಕೈ ಹಚ್ಚುವ ಮುಂಚೆ ಒಂದು ವಾರ ಸುಮ್ಮನೆ ನೋಡಿ. ಬಿಸಿಲು ಎಲ್ಲಿ ಬೀಳುತ್ತದೆ, ನೀರು ಎಲ್ಲಿ ನಿಲ್ಲುತ್ತದೆ? ಪೊದೆಯೊಳಗೆ ಕರಿಬೇವಿನ ಮರಿ, ಒಂದೆಲಗ, ಹಳೆಯ ದಾಸವಾಳ ಬದುಕಿರಬಹುದು. ಪಕ್ಕದ ಮನೆಯ ಹಿರಿಯರನ್ನು ಕರೆದು ತೋರಿಸಿ, ಆಮೇಲೆ ಕತ್ತಿ ಎತ್ತಿ. ಹೆಂಚಿನ ರಾಶಿಗೆ ಬರಿಗೈ ಹಾಕಬೇಡಿ. ಗಂಬೂಟು ಹಾಕಿ, ಕೋಲಿನಿಂದ ಬಡಿದು ಸದ್ದು ಮಾಡಿ. ಕೊಳಕುಮಂಡಲ ಇಂಥ ಕಡೆಯೇ ಮಲಗಿರುತ್ತದೆ. ಕಚ್ಚಿದರೆ ನಾಟಿ ಮದ್ದು ಹುಡುಕದೆ ನೇರ ಆಸ್ಪತ್ರೆಗೆ ಓಡಿ. ತೆಂಗಿನ ಚಿಪ್ಪು, ಹಳೇ ಟೈರಿನಲ್ಲಿ ನಿಂತ ನೀರನ್ನು ಅಂದೇ ಚೆಲ್ಲಿ, ಡೆಂಗಿ ಸೊಳ್ಳೆ ಹುಟ್ಟುವುದು ಅದರಲ್ಲೇ.

ಈಗ ನಲ್ಲಿಗೆ ಹತ್ತಿರದಲ್ಲಿ, ಬಿಸಿಲು ಬೀಳುವ ಕಡೆ, ಒಂದು ಮಂಚದಷ್ಟು ಜಾಗ ಗುರುತಿಸಿ. ಆರಡಿ ಉದ್ದ, ಮೂರಡಿ ಅಗಲ ಸಾಕು. ಅದನ್ನಷ್ಟೇ ಅಗೆಯಿರಿ. ಉಳಿದ ಕಡೆ ಕಳೆ ಬೀಜ ಕಟ್ಟದಂತೆ ಕುಡುಗೋಲಿನಿಂದ ಸವರಿ, ಹಳೆಯ ರಟ್ಟು ಹಾಸಿ, ಮೇಲೆ ಒಣ ಎಲೆ ಹರಡಿ. ಬೆಳಕು ಸಿಗದೆ ಬಹಳಷ್ಟು ಕಳೆ ತಾನಾಗಿ ಸಾಯುತ್ತದೆ. ಕೊಳ್ಳಬೇಕಾದದ್ದು ಗುದ್ದಲಿ, ಕುಡುಗೋಲು, ಗಂಬೂಟು, ಒಂದು ಜೊತೆ ಕೈಗವಸು. ಸೆರಾಮಿಕ್ ಕುಂಡ, ಚೀಲದ ಮಣ್ಣು, ದುಬಾರಿ ಸಸಿಗಳನ್ನು ಆಮೇಲೆ ನೋಡೋಣ.

ಬೀಜ ನಿಮ್ಮ ಅಡುಗೆಮನೆಯಲ್ಲೇ ಇದೆ. ಮೆಂತ್ಯ ಚೆಲ್ಲಿದರೆ ಮೂರ್ನಾಲ್ಕು ವಾರಕ್ಕೆ ಸೊಪ್ಪು. ಕೊತ್ತಂಬರಿಯನ್ನು ಎರಡು ಹೋಳಾಗುವಂತೆ ಮೆಲ್ಲಗೆ ಉಜ್ಜಿ ಬಿತ್ತಿ. ಹರಿವೆ ಒಂದು ತಿಂಗಳಿಗೆಲ್ಲ ಕೊಯ್ಲಿಗೆ ಬರುತ್ತದೆ. ಬಸಳೆಗೆ ಗೇಣುದ್ದದ ಕಾಂಡ, ನುಗ್ಗೆಗೆ ಎರಡು ಮೂರಡಿ ಕೊಂಬೆ ಸಾಕು. ಅಷ್ಟನ್ನು ನೆರೆಹೊರೆಯವರಲ್ಲಿ ಕೇಳಲು ನಾಚಿಕೆಪಡಬೇಡಿ. ಅಲ್ಲಿ ಸಿಗದಿದ್ದರೆ ಸರ್ಕಾರಿ ನರ್ಸರಿಗೆ ಹೋಗಿ. ಡಾ. ಎಂ.ಎಚ್. ಮರಿಗೌಡರು ರಾಜ್ಯದಲ್ಲಿ ತೋಟಗಾರಿಕೆ ಇಲಾಖೆ ಕಟ್ಟಿದಾಗ ನಾಡಿನ ಉದ್ದಗಲಕ್ಕೂ ನರ್ಸರಿ ಮಾಡಿಸಿದರು. ಆ ಸರ್ಕಾರಿ ನರ್ಸರಿಗಳಲ್ಲಿ ಸಸಿ ಇಂದಿಗೂ ಅಗ್ಗ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆಯಂಥ ತಳಿ ಹಾಕಿದರೆ ಮುಂದಿನ ವರ್ಷಕ್ಕೆ ಬೀಜ ನೀವೇ ಇಟ್ಟುಕೊಳ್ಳಬಹುದು. ಹೈಬ್ರಿಡ್ ಆದರೆ ಪ್ರತಿ ಸಲವೂ ಕೊಳ್ಳಬೇಕು.

ಗೊಬ್ಬರಕ್ಕೂ ಅಂಗಡಿ ಹುಡುಕಬೇಡಿ, ಎಲೆಗೆ ಬೆಂಕಿ ಇಡಬೇಡಿ. ದೊಡ್ಡಬಳ್ಳಾಪುರದ ಕಡೆಯ ರೈತ ಎಲ್. ನಾರಾಯಣ ರೆಡ್ಡಿಯವರು ಮೊದಲು ರಾಸಾಯನಿಕ ಬೇಸಾಯ ಮಾಡಿ, ಖರ್ಚು ಮೈಮೇಲೆ ಬಂದು, ಆಮೇಲೆ ಸಾವಯವಕ್ಕೆ ತಿರುಗಿದವರು. ನಡುದಾರಿಯಲ್ಲಿ ಬದಲಾದರೂ ನಾಡಿಗೇ ಮಾದರಿಯಾದರು. ಒಣ ಎಲೆ ಎರಡು ಪಾಲು, ಬೀಜ ಕಟ್ಟದ ಹಸಿ ಕಳೆ ಮತ್ತು ತರಕಾರಿ ಸಿಪ್ಪೆ ಒಂದು ಪಾಲು ಗುಂಡಿಗೆ ಹಾಕಿ, ಸಗಣಿ ನೀರು ಚಿಮುಕಿಸಿ, ಹದಿನೈದು ದಿನಕ್ಕೊಮ್ಮೆ ತಿರುವಿ. ಮೂರ್ನಾಲ್ಕು ತಿಂಗಳಿಗೆ ಗೊಬ್ಬರ ಸಿದ್ಧ. ಇನ್ನು ಬಚ್ಚಲ ನೀರಿನ ಮಾತು: ಇಂದಿನ ಡಿಟರ್ಜೆಂಟ್ ಬೆರೆತ ನೀರನ್ನು ಸೊಪ್ಪಿಗೆ ಬಿಡಬೇಡಿ, ನಮ್ಮ ಕಾಲದ ಸೀಗೆಪುಡಿ ನೀರಲ್ಲ ಅದು.

ನನ್ನ ಆತಂಕ ನಿಮ್ಮ ಸೋಮಾರಿತನದ ಬಗ್ಗೆ ಅಲ್ಲ, ಆರಂಭಶೂರತನದ ಬಗ್ಗೆ. ಭಾನುವಾರ ಆರು ಗಂಟೆ ದುಡಿದು, ಬೆನ್ನು ನೋಯಿಸಿಕೊಂಡು, ಮುಂದಿನ ತಿಂಗಳವರೆಗೆ ಆ ಕಡೆ ತಲೆ ಹಾಕದಿದ್ದರೆ ಮಳೆಗಾಲದ ಕಳೆ ನಿಮ್ಮ ದುಡಿಮೆಯನ್ನೆಲ್ಲ ನುಂಗುತ್ತದೆ. ಬೆಳಿಗ್ಗೆ ಎದ್ದು ಮೊಬೈಲ್ ಹಿಡಿಯುವ ಅರ್ಧ ಗಂಟೆಯನ್ನು ಹಿತ್ತಲಿಗೆ ಕೊಡಿ. ಮುಂಗಾರಿಗೆ ಮುಂಚೆ ಮಡಿ ಸಿದ್ಧವಿರಲಿ. ಮೊದಲ ಬಿತ್ತನೆ ಕೆಟ್ಟರೆ ಮತ್ತೆ ಬಿತ್ತಿ, ಒಂದು ಹಿಡಿ ಮೆಂತ್ಯಕ್ಕೆ ಎಷ್ಟಾದೀತು? ಆ ಮಂಚದಷ್ಟು ನೆಲದಿಂದ ಒಂದು ಹೊತ್ತಿನ ಸಾರಿಗೆ ಸೊಪ್ಪು ಕೊಯ್ಯುವವರೆಗೂ ಎರಡನೇ ಮಂಚದ ಜಾಗಕ್ಕೆ ಗುದ್ದಲಿ ಹಾಕಬೇಡಿ. ಕೊಯ್ದ ಮೇಲೆ ನಿಲ್ಲಿಸಬೇಡಿ.