ಎಡಗಾಲಿನ ಲೆಕ್ಕ

ಗರುಡಾಚಾರ್‌ಪಾಳ್ಯದಲ್ಲಿ ಮನೆ, ಹಲಸೂರಿನಲ್ಲಿ ಆಫೀಸು, ಮಧ್ಯಾಹ್ನದ ಮೇಲೆ ಹೊಸಕೋಟೆ ಕಡೆ ಓಡಾಟ. ಮಹದೇವಪುರ ದಾಟಿ ಕೆ.ಆರ್. ಪುರದ ತೂಗುಸೇತುವೆ ಹತ್ತುವಷ್ಟರಲ್ಲಿ ಎಡಗಾಲು ಕ್ಲಚ್ ಒತ್ತಿ, ಬಿಟ್ಟು, ಮತ್ತೆ ಒತ್ತಿ ಸೋತಿರುತ್ತದೆ. ಟಿನ್ ಫ್ಯಾಕ್ಟರಿ ಇನ್ನೂ ಮುಂದಿರುತ್ತದೆ. ಈ ರಸ್ತೆಯಲ್ಲಿ ದಿನಾ ಓಡುವ ಸ್ಪೋರ್ಟ್ಸ್ ಕಾರಿನ ಕ್ಲಚ್ ಸವೆದಾಗ ಯಾವುದನ್ನು ಹಾಕಿಸಬೇಕೆಂದು ಹೇಳಬೇಕಾದದ್ದು ಈ ರಸ್ತೆಯೇ. ರೇಸ್ ಟ್ರ್ಯಾಕಿನ ವಿಡಿಯೊಗಳನ್ನು ನೋಡಿ ₹90,000 ಖರ್ಚು ಮಾಡಬಾರದು.

ನನ್ನದು 2012ರ ಸ್ಕೋಡಾ ಲಾರಾ ವಿಆರ್‌ಎಸ್. ನೋಡಲು ಮನೆಮಂದಿಯ ಸೆಡಾನ್, ಒಳಗೆ 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 160 ಕುದುರೆಶಕ್ತಿ, ಆರು ಗೇರಿನ ಮ್ಯಾನುಯಲ್. ಹಳೆ ಮದ್ರಾಸ್ ರಸ್ತೆ ಖಾಲಿ ಸಿಕ್ಕ ಒಂದು ಬೆಳಿಗ್ಗೆ ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಮುಳ್ಳು ಮೇಲೇರಿತು, ವೇಗ ಏರಲಿಲ್ಲ. ಕ್ಲಚ್ ಸ್ಲಿಪ್ ಆಗುತ್ತಿದೆ ಎನ್ನಲು ಇದಕ್ಕಿಂತ ಸ್ಪಷ್ಟ ಗುರುತು ಬೇಡ. ಸುಟ್ಟ ವಾಸನೆ ಬರುವವರೆಗೆ ಕಾದರೆ ಕ್ಲಚ್ ಪ್ಲೇಟಿನ ಜೊತೆಗೆ ಫ್ಲೈವೀಲೂ ಹೋಗುತ್ತದೆ.

ಹೂಡಿಯ ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಇಳಿಸಿದ ಮೇಲೆ ಮೆಕ್ಯಾನಿಕ್ ನನ್ನನ್ನು ಕಾರಿನ ಕೆಳಗೆ ಕರೆದರು. ಫ್ಲೈವೀಲಿನ ಮುಖದ ಮೇಲೆ ನೀಲಿ ಕಲೆಗಳಿದ್ದವು, ಕಾವಿಗೆ ಲೋಹ ಬಣ್ಣ ತಿರುಗಿದ ಕಲೆಗಳು. ಅಂಚಿನಲ್ಲಿ ಗ್ರೀಸ್ ಜಿನುಗಿ ಕಪ್ಪು ಧೂಳು ಮೆತ್ತಿತ್ತು. ಅವರು ಅದನ್ನು ಹಿಡಿದು ಅಲ್ಲಾಡಿಸಿದರೆ ಲಟಕ್ ಎಂದಿತು.

‘ಪ್ಲೇಟ್ ಒಂದೇ ಹಾಕಿದ್ರೆ ಮುಂದಿನ ವರ್ಷ ಮತ್ತೆ ಬರ್ತೀರ ಸಾರ್. ಗೇರ್‌ಬಾಕ್ಸ್ ಇಳಿಸೋ ಕೂಲಿ ಎರಡು ಸಲ ಬೀಳುತ್ತೆ.’

‘ಲೇತಿಗೆ ಹಾಕ್ಸಿ ಮುಖ ಸರಿ ಮಾಡ್ಸೋಕಾಗಲ್ವಾ?’

‘ಇದು ಡ್ಯುಯಲ್ ಮಾಸ್ ಸಾರ್. ಒಳಗಿನ ಸ್ಪ್ರಿಂಗ್ ಹೋಗಿರೋದಕ್ಕೆ ಲೇತ್ ಏನು ಮಾಡುತ್ತೆ?’

ಹಳೆಯ ಕಾರುಗಳ ಫ್ಲೈವೀಲ್ ಒಂದೇ ಎರಕದ ಚಕ್ರ. ಸವೆದರೆ ತುಸು ಕೆತ್ತಿಸಿ ಮತ್ತೆ ಕೂರಿಸಬಹುದು. ಡ್ಯುಯಲ್ ಮಾಸ್ ಫ್ಲೈವೀಲ್ ಎರಡು ಭಾಗದ್ದು. ನಡುವೆ ಬಿಲ್ಲಿನಂತೆ ಬಾಗಿದ ಸ್ಪ್ರಿಂಗುಗಳು. ಸಿಲಿಂಡರಿನಲ್ಲಿ ಇಂಧನ ಉರಿದಾಗಲೆಲ್ಲ ಎದ್ದ ಅದುರು ಗೇರ್‌ಬಾಕ್ಸಿಗೆ ದಾಟದಂತೆ ಅವು ನುಂಗಿಕೊಳ್ಳುತ್ತವೆ. ಜರ್ಮನಿಯ ಲುಕ್ ಕಂಪನಿ 1985ರಲ್ಲಿ ಇದನ್ನು ಕಾರುಗಳಿಗೆ ತಯಾರಿಸತೊಡಗಿತು. ಅದೇ ಹೆಸರಿನ ಕ್ಲಚ್ ಕಾರ್ಖಾನೆ ಪಕ್ಕದ ಹೊಸೂರಿನಲ್ಲಿದೆ, ಆದರೂ ನನ್ನ ಕಾರಿನ ಫ್ಲೈವೀಲ್ ಹೊರದೇಶದಿಂದಲೇ ಬರಬೇಕಿತ್ತು. ಬೆಲೆ ಏರುವುದು ಅಲ್ಲೇ.

ಸ್ನೇಹಿತರು ಸಿಂಗಲ್ ಮಾಸ್‌ಗೆ ಬದಲಾಯಿಸು ಎಂದರು. ಹಗುರ ಫ್ಲೈವೀಲ್, ಗಟ್ಟಿ ಪ್ರೆಷರ್ ಪ್ಲೇಟ್, ಸೆರಾಮಿಕ್ ತುಂಡುಗಳ ಕ್ಲಚ್. ಎಂಜಿನ್ ಚಕ್ಕನೆ ಏರುತ್ತದೆ, ಮುಂದೆ ಶಕ್ತಿ ಹೆಚ್ಚಿಸಿದರೂ ತಡೆಯುತ್ತದೆ. ಟ್ರ್ಯಾಕಿಗೆ ಹೋಗುವವರಿಗೆ ಅದು ಸರಿಯಾದ ಆಯ್ಕೆ, ಅನುಮಾನವಿಲ್ಲ. ಆದರೆ ಹಗುರ ಚಕ್ರದಲ್ಲಿ ಶೇಖರವಾಗುವ ಶಕ್ತಿ ಕಡಿಮೆ. ಸೇತುವೆಯ ಏರಿನಲ್ಲಿ ಬಸ್ಸಿನ ಹಿಂದೆ ತೆವಳುವಾಗ ಕ್ಲಚ್ ಒಂದಿಷ್ಟು ಬೇಗ ಬಿಟ್ಟರೂ ಎಂಜಿನ್ ಆಫ್. ಸೆರಾಮಿಕ್ ಕ್ಲಚ್ ನಯವಾಗಿ ಹಿಡಿಯುವುದಿಲ್ಲ, ಕಚ್ಚಿ ಎಳೆಯುತ್ತದೆ. ಗಟ್ಟಿ ಪ್ರೆಷರ್ ಪ್ಲೇಟಿನ ಭಾರವೆಲ್ಲ ಮೊಣಕಾಲಿಗೆ. ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಗೇರುಗಳ ಕಟಕಟ. ನನ್ನ ಎಂಜಿನ್ ಕಂಪನಿ ಕೊಟ್ಟಂತೆಯೇ ಇದೆ. ಅದರ 250 ನ್ಯೂಟನ್ ಮೀಟರ್ ಟಾರ್ಕಿಗೆ ಮೂಲ ಕ್ಲಚ್ ಧಾರಾಳ ಸಾಕು.

ಖರ್ಚು ಹೀಗಿತ್ತು. ಡ್ಯುಯಲ್ ಮಾಸ್ ಫ್ಲೈವೀಲ್ ₹46,000, ಕ್ಲಚ್ ಸೆಟ್ ₹21,000, ರಿಲೀಸ್ ಬೇರಿಂಗ್ ಸಮೇತದ ಸ್ಲೇವ್ ಸಿಲಿಂಡರ್ ₹6,500, ಸೀಲು, ಬೋಲ್ಟು, ಗೇರ್ ಆಯಿಲ್ ₹4,500, ಕೂಲಿ ₹12,000. ಒಟ್ಟು ₹90,000. ಸಿಂಗಲ್ ಮಾಸ್ ದಾರಿ ಹಿಡಿದಿದ್ದರೆ ₹75,000. ಐದು ವರ್ಷಕ್ಕೆ ಹಂಚಿದರೆ ವ್ಯತ್ಯಾಸ ತಿಂಗಳಿಗೆ ₹250. ನಯವಾದ ಪೆಡಲಿಗೆ ಅಷ್ಟು ಕೊಡಲು ನಾನು ಎರಡು ಸಲ ಯೋಚಿಸಲಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಬಿಚ್ಚಿದ ಮಾಲು ಅರ್ಧಕ್ಕೂ ಕಡಿಮೆ ಬೆಲೆಗೆ ಸಿಗುತ್ತದೆ. ಕನ್ನಡಿ, ಬಾಗಿಲು, ಅಲಾಯ್ ಚಕ್ರಕ್ಕೆ ನಾನೂ ಅಲ್ಲಿಗೆ ಹೋಗುತ್ತೇನೆ. ಒಳಗಿನ ಸ್ಪ್ರಿಂಗ್ ಎಷ್ಟು ಸವೆದಿದೆಯೆಂದು ಹೊರಗಿನಿಂದ ಕಾಣದ ವಸ್ತುವನ್ನು ಮಾತ್ರ ಅಲ್ಲಿ ಕೊಳ್ಳುವುದಿಲ್ಲ.

ಜೆ.ಸಿ. ರಸ್ತೆಯಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ ಬಿಡಬೇಡಿ. ಬಿಡಿಭಾಗಗಳ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 28%ನಿಂದ 18%ಗೆ ಇಳಿದಿದೆ. ತೆರಿಗೆಗೆ ಮುಂಚಿನ ಬೆಲೆ ₹50,000 ಇದ್ದರೆ ₹5,000 ಉಳಿತಾಯ. ಅಂಗಡಿಯವರು ಹಳೆಯ ದರಪಟ್ಟಿ ತೋರಿಸಿದರೆ ಕೇಳಿ ಪಡೆಯಿರಿ. ಡಬ್ಬದ ಮೇಲಿನ ಕೋಡನ್ನು ತಯಾರಕರ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ ನೋಡಿ, ನಕಲಿ ಮಾಲು ಅಲ್ಲೇ ಸಿಕ್ಕಿಬೀಳುತ್ತದೆ. ವಿಮೆಯ ಆಸೆ ಬೇಡ. ಸಾಮಾನ್ಯ ಸವಕಳಿ ಮೋಟಾರು ವಿಮೆಯ ವ್ಯಾಪ್ತಿಗೆ ಬರುವುದಿಲ್ಲ, ಕ್ಲಚ್ ಅಂದರೆ ಸವಕಳಿಯೇ.

ಮಾರಿದರೆ ಮೂರು ಲಕ್ಷ ಬರುವ ಕಾರಿಗೆ ಇಷ್ಟೊಂದು ಹಾಕಬೇಕೇ ಎಂದು ಮನೆಯಲ್ಲಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಹೊಸ ಕಾರಿಗೆ ₹15 ಲಕ್ಷ ಸಾಲ, 9% ಬಡ್ಡಿ, ಐದು ವರ್ಷ ಎಂದರೆ ಕಂತು ಸುಮಾರು ₹31,100. ಈ ರಿಪೇರಿ ಮೂರು ಕಂತಿಗಿಂತ ಕಡಿಮೆ. 2027ಕ್ಕೆ ಹದಿನೈದು ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಬರುತ್ತದೆ. ಬಾಡಿಯಲ್ಲಿ ತುಕ್ಕಿಲ್ಲ, ಎಂಜಿನ್ ಗಟ್ಟಿಯಿದೆ, ಹಾಗಾಗಿ ನವೀಕರಿಸಿ ಇಟ್ಟುಕೊಳ್ಳುವುದು ಎಂದು ಮೊದಲು ತೀರ್ಮಾನಿಸಿ, ಆಮೇಲೆ ಫ್ಲೈವೀಲಿಗೆ ಮುಂಗಡ ಕೊಟ್ಟೆ. ಮುಂದಿನ ವರ್ಷ ಮಾರುವ ಯೋಚನೆ ಇರುವವರಿಗೆ ಈ ಖರ್ಚು ವಾಪಸು ಬರುವುದಿಲ್ಲ. ಅವರು ಕೊಳ್ಳುವವರಿಗೆ ವಿಷಯ ತಿಳಿಸಿ ಬೆಲೆ ಇಳಿಸಿ ಕೊಟ್ಟುಬಿಡುವುದು ಲೇಸು.

ಕಾರು ಗ್ಯಾರೇಜಿನಲ್ಲಿದ್ದಾಗ ನೇರಳೆ ಮಾರ್ಗದ ಮೆಟ್ರೊದಲ್ಲಿ ಹಲಸೂರಿಗೆ ಹೋಗಿಬಂದೆ. 2023ರ ಅಕ್ಟೋಬರಿನಲ್ಲಿ ಕೆ.ಆರ್. ಪುರ–ಬೈಯಪ್ಪನಹಳ್ಳಿ ಕೊಂಡಿ ಬೆಸೆದ ಮೇಲೆ ನಮ್ಮ ನಿಲ್ದಾಣದಿಂದ ಅದು ನೇರ ದಾರಿ. ಹೊಸಕೋಟೆಯ ಕೆಲಸವಿಲ್ಲದ ದಿನ ಈಗಲೂ ಅದರಲ್ಲೇ ಹೋಗುತ್ತೇನೆ, ಕ್ಲಚ್ಚಿನ ಆಯಸ್ಸು ಅಷ್ಟು ಬೆಳೆಯುತ್ತದೆ. ಮುಂದಿನ ಸಲಕ್ಕೆಂದು ಅಂಚೆ ಕಚೇರಿಯಲ್ಲಿ ತಿಂಗಳಿಗೆ ₹1,500ರ ಆರ್‌ಡಿ ತೆರೆದಿದ್ದೇನೆ. 6.7% ಬಡ್ಡಿಯಲ್ಲಿ ಐದು ವರ್ಷಕ್ಕೆ ಸುಮಾರು ₹1.07 ಲಕ್ಷ ಆಗುತ್ತದೆ.